ಊಟಿ ಹೂವು ಯಾದಗಿರಿ ಬಿಸಿಲಿಗೆ ತಡೀತದೇನ್ರಿ?

ನಮ್ಮ ಕಡೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಪ್ರಿಲ್ ಹೊಕ್ಕಿತೆಂದರೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿ ಮುಂದಿನ ತಾಡಪತ್ರಿ ಇಳಿಯುತ್ತದೆ. ಬಸ್ಸಿನ ಕಿಟಕಿ ಕಂಬಿ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಇಂಥ ಯಾದಗಿರಿ, ಶಹಾಪುರ, ಸುರಪುರದ ಮನೆಗಳ ಮುಂದೆ ಊಟಿಯ ಹೂವು ಅರಳಿಸಬೇಕೆಂಬ ಆಸೆ ಈಗ ಕೆಲವರಿಗೆ ಹುಟ್ಟಿದೆ. ಆ ಹೂವಿನ ಹೆಸರು ಹೈಡ್ರೇಂಜಿಯಾ.

ಹೆಸರು ತಿಳಿಯದಿದ್ದರೂ ಹೂವು ನೋಡಿದವರು ಬಹಳ ಮಂದಿ ಇದ್ದಾರೆ. ಊಟಿ, ಕೊಡೈಕೆನಾಲ್, ಮಡಿಕೇರಿಗೆ ಟೂರ್ ಹೋಗಿ ಬಂದವರ ಫೋಟೋಗಳಲ್ಲಿ ಇದು ಬೆನ್ನ ಹಿಂದೆ ನಿಂತಿರುತ್ತದೆ. ಹೂಕೋಸಿನ ಗಡ್ಡೆಯಷ್ಟು ದಪ್ಪ ಗೊಂಚಲು. ನೀಲಿ, ಗುಲಾಬಿ, ಬಿಳಿ ಬಣ್ಣ. ನೋಡಿದವರಿಗೆ ಒಂದು ಕುಂಡ ಮನೆಯಲ್ಲಿರಲಿ ಅನಿಸುವುದು ತಪ್ಪಲ್ಲ. ಮೇಲಾಗಿ ಮೊಬೈಲ್ ತೆರೆದರೆ ಜಾಹೀರಾತು ಬೇರೆ: 'ಗಿಡ್ಡ ತಳಿ, ಪೂರ್ತಿ ಬಿಸಿಲಿನ ತಳಿ, ಸಣ್ಣ ಅಂಗಳಕ್ಕೆ ಹೇಳಿ ಮಾಡಿಸಿದ್ದು!' ಗಿಡ್ಡ, ಬಿಸಿಲು ಎಂಬ ಎರಡು ಮಾತು ಕಿವಿಗೆ ಬಿದ್ದರೆ ನಮ್ಮವರು ಸೋತಂತೆಯೇ. ನಮ್ಮ ಅಂಗಳ ಚಿಕ್ಕದು, ಬಿಸಿಲು ದೊಡ್ಡದು. ಇನ್ನೇನು ಬೇಕು?

ಬೇಕಾದದ್ದು ಒಂದು ಪ್ರಶ್ನೆ. ಸ್ವಾಮಿ, ನೀವು ಹೇಳುವುದು ಯಾವ ಊರಿನ ಬಿಸಿಲು?

ಬಿಸಿಲಿಗೂ ಊರು ಉಂಟು

ಜಾಹೀರಾತು ಪೂರ್ತಿ ಸುಳ್ಳು ಅನ್ನಲಿಕ್ಕೆ ಬರುವುದಿಲ್ಲ. ಬಿಸಿಲು ತಡೆಯುವ ಹೈಡ್ರೇಂಜಿಯಾ ಇರುವುದು ಖರೆ. ಅದರ ಜಾತಿಗೆ ಪ್ಯಾನಿಕ್ಯುಲೇಟಾ ಅನ್ನುತ್ತಾರೆ. ಅದರಲ್ಲಿ 'ಬೋಬೋ', 'ಲಿಟಲ್ ಲೈಮ್' ಮುಂತಾದ ಗಿಡ್ಡ ತಳಿಗಳಿವೆ. ಮೂರರಿಂದ ಐದು ಅಡಿಯೊಳಗೆ ನಿಲ್ಲುತ್ತವೆ. ದಿನಕ್ಕೆ ಆರು ತಾಸು ಬಿಸಿಲು ಬಿದ್ದರೂ ತಡೆಯುತ್ತವೆ. ಆದರೆ ಆ ಆರು ತಾಸು ಕೆನಡಾದ ಬಿಸಿಲು, ಯುರೋಪಿನ ಬಿಸಿಲು, ಅಮೆರಿಕದ ಉತ್ತರ ಭಾಗದ ಬಿಸಿಲು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಗಿಡ ಎಲೆಯೆಲ್ಲ ಉದುರಿಸಿ ತಿಂಗಳುಗಟ್ಟಲೆ ನಿದ್ದೆ ಮಾಡಿ, ಬೇಸಿಗೆಯಲ್ಲಿ ಎದ್ದು ಹೂ ಬಿಡುತ್ತದೆ. ಅದೇ ಅಮೆರಿಕದ ದಕ್ಷಿಣದ ಬಿಸಿ ರಾಜ್ಯಗಳಲ್ಲಿ ಇದೇ ಗಿಡಕ್ಕೆ ಮಧ್ಯಾಹ್ನದ ನೆರಳು ಕೊಡಿರೆಂದು ಅಲ್ಲಿನ ತೋಟದವರೇ ಹೇಳುತ್ತಾರೆ. ಅಲ್ಲಿಯೇ ನೆರಳು ಬೇಡುವ ಗಿಡ ನಮ್ಮ ಮೇ ತಿಂಗಳಿನಲ್ಲಿ ಏನು ಬೇಡೀತು?

ಇನ್ನು ಊಟಿಯಲ್ಲಿ, ಮಡಿಕೇರಿಯಲ್ಲಿ ನಾವು ಕಣ್ಣಾರೆ ನೋಡುವ ದಪ್ಪ ಎಲೆಯ ಹೈಡ್ರೇಂಜಿಯಾ ಬೇರೆಯೇ ಜಾತಿ. ಅದು ಬಿಸಿಲಿನ ಗಿಡವೇ ಅಲ್ಲ. ಮೂಲ ಜಪಾನಿನದು. ಅಲ್ಲಿ ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅರಳುತ್ತದೆ. 1823ರಲ್ಲಿ ನಾಗಾಸಾಕಿಗೆ ಬಂದ ಸೀಬೋಲ್ಡ್ ಎಂಬ ಜರ್ಮನ್ ಡಾಕ್ಟರು ಈ ಹೂವಿಗೆ ಮನಸೋತು, ತನ್ನೊಡನೆ ಬಾಳಿದ ಒಟಾಕಿ ಎಂಬ ಹೆಣ್ಣುಮಗಳ ಹೆಸರನ್ನೇ ಇದಕ್ಕೆ ಇಟ್ಟ. ಹೈಡ್ರೇಂಜಿಯಾ ಎಂಬ ಹೆಸರಿನಲ್ಲೇ ನೀರಿದೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ನೀರಿನ ಪಾತ್ರೆ. ಹೆಸರೇ ಇಷ್ಟು ಹೇಳುತ್ತಿರುವಾಗ ನಾವು ಕೇಳಿಸಿಕೊಳ್ಳಬಾರದೇ?

ಎತ್ತರದ ಲೆಕ್ಕವನ್ನೂ ನೋಡ್ರಿ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮಡಿಕೇರಿ 1,100 ಮೀಟರಿಗೂ ಮೇಲೆ. ನಮ್ಮ ಯಾದಗಿರಿ 400 ಮೀಟರ್ ಸಹ ಮುಟ್ಟುವುದಿಲ್ಲ. ಈ ಗಿಡಕ್ಕೆ ಮೊಗ್ಗು ಕಟ್ಟಲು ತಂಪಾದ ರಾತ್ರಿಗಳು ಬೇಕು. ಕಟ್ಟಿದ ಮೊಗ್ಗು ಚೆನ್ನಾಗಿ ಬಿಚ್ಚಲು ಮತ್ತೆ ಕೆಲವು ವಾರ ಕೊರೆಯುವ ಚಳಿ ಬೇಕು. ನಮ್ಮ ಚಳಿಗಾಲವೆಂದರೆ ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಬಸ್ಸಿಗೆ ಹೋಗುವವರು ಕಿವಿಗೆ ಒಂದು ಮಫ್ಲರ್ ಸುತ್ತಿಕೊಂಡರೆ ಮುಗಿಯಿತು. ಅಷ್ಟು ಚಳಿ ಈ ಗಿಡಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಮೊದಲ ವರ್ಷ ಹೂವಿನ ಸಮೇತ ಮನೆಗೆ ಬಂದ ಗಿಡ, ಹೇಗೋ ಬದುಕಿ ಉಳಿದರೂ, ಎರಡನೇ ವರ್ಷ ಬರೀ ಎಲೆ ತೋರಿಸುತ್ತದೆ. 'ನಮ್ಮ ಕೈಗುಣ ಸರಿಯಿಲ್ಲ' ಎಂದು ಮನೆಯ ಅಕ್ಕಾರು ನೊಂದುಕೊಳ್ಳುತ್ತಾರೆ. ಕೈಗುಣದ ದೋಷ ಅಲ್ಲ ಅಕ್ಕಾರ, ಊರಿನ ಗುಣ.

ಊರಿನ ಗುಣದಲ್ಲಿ ಕಲ್ಲಿನ ಪಾಲೂ ಇದೆ. ಯಾದಗಿರಿಗೆ ಕೋಟೆಯ ಗುಡ್ಡ, ಶಹಾಪುರಕ್ಕೆ ಮಲಗಿದ ಬುದ್ಧನ ಗುಡ್ಡ, ಸುರಪುರಕ್ಕಂತೂ ಸುತ್ತೆಲ್ಲ ಬಂಡೆ. ಹಗಲು ಕಾಯ್ದ ಕಲ್ಲು ರಾತ್ರಿ ಬಹಳ ಹೊತ್ತು ಕಾವು ಬಿಡುತ್ತಲೇ ಇರುತ್ತದೆ. ಮಾಳಿಗೆ ಮೇಲೆ ಮಲಗುವವರಿಗೆ ಇದು ಗೊತ್ತಿರುವ ಮಾತು. ಮನುಷ್ಯರೇ ಮಗ್ಗಲು ಬದಲಿಸುವ ರಾತ್ರಿಯಲ್ಲಿ ಊಟಿಯ ಗಿಡ ನಿದ್ದೆ ಮಾಡೀತೇ?

ನೀಲಿ ಹೂ ಗುಲಾಬಿಯಾಗುವ ಗುಟ್ಟು

ನೀಲಿ ಹೂವಿನ ಆಸೆಗೆ ಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಈ ಹೂವಿನ ಬಣ್ಣ ಮಣ್ಣಿನ ಕೈಯಲ್ಲಿದೆ. ಹುಳಿ ಗುಣದ ಮಣ್ಣಿನಲ್ಲಿ ಬೇರಿಗೆ ಅಲ್ಯೂಮಿನಿಯಂ ಅಂಶ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಸುಣ್ಣದ ಗುಣವಿರುವ ಮಣ್ಣಿನಲ್ಲಿ ಅದು ಸಿಗುವುದಿಲ್ಲ, ಹೂವು ಗುಲಾಬಿಯಾಗುತ್ತದೆ. ಮಲೆನಾಡಿನ ಮಳೆ ತೊಳೆದ ಮಣ್ಣು ಹುಳಿ. ಶಹಾಪುರ, ಸುರಪುರದ ಕರಿ ಎರೆಮಣ್ಣು ಸುಣ್ಣದ್ದು. ಬೋರ್‌ವೆಲ್ ನೀರೂ ಬಹಳ ಕಡೆ ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದೇ ಅದಕ್ಕೆ ಸಾಕ್ಷಿ. ಕ್ಷೌರದಂಗಡಿಯ ಪಟಿಕದಲ್ಲಿ ಅಲ್ಯೂಮಿನಿಯಂ ಉಂಟು, ಅದನ್ನು ಕರಗಿಸಿ ಹಾಕಿದರೆ ನೀಲಿ ಬರುತ್ತದೆ ಎಂದು ಹೇಳುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಇವತ್ತು ಪಟಿಕ ಹಾಕಿ ನಾಳೆಯಿಂದ ಸುಣ್ಣದ ನೀರು ಹಾಕಿದರೆ, ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಹಾಗೆ. ಬಣ್ಣದ ಮಾತು ದೂರ ಇರಲಿ, ಸುಣ್ಣ ಹೆಚ್ಚಾದರೆ ಮಣ್ಣಿನಲ್ಲಿರುವ ಕಬ್ಬಿಣವೂ ಗಿಡಕ್ಕೆ ದಕ್ಕುವುದಿಲ್ಲ. ಎಲೆ ಹಳದಿ ತಿರುಗಿ ನರ ಮಾತ್ರ ಹಸಿರು ಉಳಿಯುತ್ತದೆ.

ಅಂಗಡಿಕಾರರಿಗೆ ಲೆಕ್ಕ ಬೇಕಲ್ಲವೇ, ನೀರಿನ ಲೆಕ್ಕ ಹಾಕೋಣ. ಬೇಸಿಗೆಯಲ್ಲಿ ಒಂದು ದೊಡ್ಡ ಕುಂಡಕ್ಕೆ ಬೆಳಿಗ್ಗೆ ಎರಡು ಲೀಟರ್, ಸಂಜೆ ಎರಡು ಲೀಟರ್ ಎಂದು ಹಿಡಿಯಿರಿ. ದಿನಕ್ಕೆ ನಾಲ್ಕು ಲೀಟರ್. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಿಗೆ 92 ದಿನ. ಒಟ್ಟು 368 ಲೀಟರ್. ಹದಿನೈದು ಲೀಟರ್ ಕೊಡದ ಲೆಕ್ಕದಲ್ಲಿ ಸುಮಾರು 25 ಕೊಡ. ಎರಡು ಕುಂಡ ಇಟ್ಟರೆ 50 ಕೊಡ. ನಳದ ಮುಂದೆ ಕೊಡದ ಸಾಲು ಹಚ್ಚುವ ಓಣಿಯಲ್ಲಿ, ಹೂ ಬಿಡದ ಗಿಡಕ್ಕೆ 50 ಕೊಡ ನೀರು! ಕುಂಡಕ್ಕೆ 300 ರೂಪಾಯಿ ಕೊಟ್ಟಿದ್ದು ಹೋಗಲಿ, ಈ ನೀರು ಹೊತ್ತವರು ಯಾರು? ಬಹಳ ಮನೆಗಳಲ್ಲಿ ಹೆಂಗಸರೇ. ಅವರ ರಟ್ಟೆಯ ಖರ್ಚನ್ನು ಯಾವ ಜಾಹೀರಾತೂ ಬರೆಯುವುದಿಲ್ಲ.

ಮಾರುವವರ ಬಾಯಿ

ಗಾಡಿಯಲ್ಲಿ ಗಿಡ ತಂದು ಮಾರುವವರನ್ನು ದೂರುವುದು ಸುಲಭ. ಅವರೂ ಹೊಟ್ಟೆಪಾಡಿನವರು. ಆದರೆ ಅವರ ಬಾಯಿಂದ ಬರುವ ಮಾತು ಒಂದೇ ನಮೂನೆ: 'ಏನೂ ಆಗಲ್ಲ ಅಣ್ಣಾ, ದಿನಾ ನೀರು ಹಾಕು, ವರ್ಷವಿಡೀ ಹೂವು.' ಗುಲಾಬಿಗೂ ಇದೇ ಮಾತು, ಹೈಡ್ರೇಂಜಿಯಾಕ್ಕೂ ಇದೇ ಮಾತು, ಸೇಬಿನ ಸಸಿಗೂ ಇದೇ ಮಾತು. ಗಿಡ ಬಾಡಿದ ಮೇಲೆ ಕೇಳೋಣವೆಂದರೆ ಗಾಡಿ ಬೇರೆ ಊರು ಸೇರಿರುತ್ತದೆ.

ಕೊಳ್ಳುವವರು ಹೂವು ನೋಡಿ ಕೊಳ್ಳುವುದೇ ಮೊದಲ ತಪ್ಪು. ಹೂವು ಬಿಟ್ಟ ಗಿಡ ಅಂದರೆ ಬೇರೆ ಎಲ್ಲೋ, ತಂಪು ಊರಿನಲ್ಲೋ ಪರದೆ ಕಟ್ಟಿದ ಮನೆಯಲ್ಲೋ ಯಾರೋ ಸಾಕಿ ಹೂ ಬಿಡಿಸಿ ಕಳಿಸಿದ ಗಿಡ. ಅದು ನಮ್ಮಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎಲೆ ನೋಡಿ, ಬುಡ ನೋಡಿ, ಕುಂಡದ ತೂತಿನಿಂದ ಬೇರು ಹೊರಬಂದಿದೆಯೋ ನೋಡಿ. ಯಾವ ಊರಿನಲ್ಲಿ ಬೆಳೆದದ್ದು ಎಂದು ಕೇಳಿ. ಗೋದಾವರಿ ಬಯಲಿನ ಕಡಿಯಂ ನರ್ಸರಿಯದಾಗಲಿ, ಬೆಂಗಳೂರಿನದಾಗಲಿ, ಮನೆಗೆ ತಂದ ಕೂಡಲೇ ಬಿಸಿಲಿಗೆ ಇಡಬೇಡಿ. ಎಂಟು-ಹತ್ತು ದಿನ ನೆರಳಿನಲ್ಲಿಟ್ಟು, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ಹೊಸ ಸೊಸೆಗೆ ಮೊದಲ ದಿನವೇ ಇಡೀ ಮನೆಯ ಕೆಲಸ ಹೊರಿಸಿದರೆ ಹೇಗೋ ಹಾಗೆಯೇ ಇದು.

ಪರದೇಶದ್ದು ಅಂತ ಜಗಳವಲ್ಲ

'ನಮ್ಮದಲ್ಲದ ಗಿಡ ಬೇಡ ಅಂತೀರಾ?' ಎಂದು ಕೆಲವರು ಕೇಳಬಹುದು. ಹಂಗಲ್ರಿ. ಗಣಪತಿಯಿಂದ ದೀಪಾವಳಿಯವರೆಗೆ ನಮ್ಮ ಅಂಗಡಿಗಳ ಬಾಗಿಲಲ್ಲಿ ತೂಗುವ ಚೆಂಡುಹೂವಿನ ತವರು ಮೆಕ್ಸಿಕೋ. ಕಾಂಪೌಂಡ್ ಮೇಲೆ ಹಬ್ಬುವ ಕಾಗದದ ಹೂವು ಬ್ರೆಜಿಲಿನದು. ಯಾರೂ ನೀರು ಹಾಕದಿದ್ದರೂ ಗೋಡೆಯ ಬಿರುಕಿನಲ್ಲಿ ಅರಳುವ ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಅಷ್ಟೇಕೆ, ನಮ್ಮ ಶೇಂಗಾ, ಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದ ಬಂದವೇ. ಶೇಂಗಾ ಚಟ್ನಿ ಬಿಟ್ಟು ರೊಟ್ಟಿ ತಿನ್ನುವವರು ಯಾರಿದ್ದಾರೆ? ಅವುಗಳಿಗೆ ನಮ್ಮ ಬಿಸಿಲು ಒಗ್ಗಿತು, ನಮ್ಮವಾದವು. ಹೈಡ್ರೇಂಜಿಯಾಕ್ಕೆ ಒಗ್ಗಲಿಲ್ಲ, ಅಷ್ಟೇ ಮಾತು. ಹೊರಗಿನಿಂದ ಬಂದಿದೆಯೆಂದು ದ್ವೇಷ ಬೇಡ. ಫೋಟೋದಲ್ಲಿ ಚೆಂದ ಕಾಣುತ್ತದೆಂದು ಮೋಹವೂ ಬೇಡ.

ಹಾಗಾದರೆ ಏನು ಹಚ್ಚಬೇಕು?

ಗಿಡ್ಡ ಇರಬೇಕು, ಬಿಸಿಲು ತಡೆಯಬೇಕು, ಗೊಂಚಲು ಹೂವು ಬಿಡಬೇಕು. ಇದೇ ಆಸೆಯಾದರೆ ಇಕ್ಸೋರಾ ಹಚ್ಚಿ. ಕರಾವಳಿಯವರು ಕೇಪಳ ಅನ್ನುತ್ತಾರೆ. ದಕ್ಷಿಣ ಭಾರತದ್ದೇ ಗಿಡ. ಕೆಂಪು, ಹಳದಿ, ಗುಲಾಬಿ ಗೊಂಚಲು ಥೇಟ್ ಹೈಡ್ರೇಂಜಿಯಾದ ಚಿಕ್ಕ ತಂಗಿಯ ಹಾಗೆ. ಎರಡು ಅಡಿಯಲ್ಲಿ ನಿಲ್ಲುವ ಗಿಡ್ಡ ತಳಿಗಳೂ ಉಂಟು. ಒಂದೇ ಎಚ್ಚರಿಕೆ: ಇದಕ್ಕೂ ಸುಣ್ಣದ ಮಣ್ಣು ಆಗುವುದಿಲ್ಲ. ಕರಿಮಣ್ಣಿನ ಊರಿನವರು ಕುಂಡದಲ್ಲಿ ಮಸಾರಿ ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೂಡಿಸಿ ಹಚ್ಚಬೇಕು.

ಅಂಗಡಿ ಮುಂದೆ, ತಗಡಿನ ಕಾವಿಗೆ ತಡೆಯುವ ಗಿಡ ಬೇಕೆಂದರೆ ಕಾಗದದ ಹೂವಿಗಿಂತ ಮಿಗಿಲಾದದ್ದಿಲ್ಲ. ಕುಂಡದಲ್ಲಿಟ್ಟು ಕತ್ತರಿ ಆಡಿಸುತ್ತಿದ್ದರೆ ಮೂರು ಅಡಿ ಮೀರುವುದಿಲ್ಲ. ನೀರು ಹೆಚ್ಚು ಹಾಕಿದರೆ ಬರೀ ಎಲೆ, ಸ್ವಲ್ಪ ಒಣಗಿಸಿದರೆ ಮೈತುಂಬ ಹೂ. ಒಂದು ದಿನ ಅಂಗಡಿ ಬಂದ್ ಇದ್ದು ನೀರು ಮರೆತರೂ ಮುನಿಸಿಕೊಳ್ಳದ ಗಿಡ ಇದೊಂದೇ. ಮುಳ್ಳು ಇರುವುದರಿಂದ ಗಿರಾಕಿಗಳ ಸೀರೆ ಸೆರಗು ಸಿಗದಂತೆ ಬದಿಗಿಡಿ.

ದಾಸವಾಳ ಇಲ್ಲದ ಮನೆ ಮನೆಯೇ? ದೇವರಿಗೂ ಆಯಿತು, ಕಣ್ಣಿಗೂ ಆಯಿತು. ಎಲೆಯ ಬುಡದಲ್ಲಿ ಬಿಳಿ ಹಿಟ್ಟಿನಂಥ ಹುಳ ಕಂಡರೆ ನೀರಿನ ರಭಸಕ್ಕೆ ತೊಳೆದು, ಬೇವಿನ ಎಣ್ಣೆಗೆ ಸ್ವಲ್ಪ ಸಾಬೂನು ನೀರು ಕೂಡಿಸಿ ಸಂಜೆ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ದುಂಡುಮಲ್ಲಿಗೆ ಹಚ್ಚಿದವರು ನವೆಂಬರ್ ಕೊನೆಗೆ ಮೊಳಕಾಲು ಎತ್ತರ ಬಿಟ್ಟು ಸವರಬೇಕು. ಕತ್ತರಿಸಲು ಮನಸ್ಸು ಬರುವುದಿಲ್ಲ, ಆದರೆ ಸವರಿದ ಗಿಡವೇ ಮಾರ್ಚ್ ಬಂದ ಹಾಗೆ ಮೊಗ್ಗು ಸುರಿಸುತ್ತದೆ. ಮಾಲೆ ಮಾರಿ ಸಂಸಾರ ತೂಗಿಸುವವರಿಗೆ ಈ ಒಂದು ಕತ್ತರಿಯ ಬೆಲೆ ಗೊತ್ತು.

ಇನ್ನು ನಿತ್ಯಪುಷ್ಪ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನೇ ಸುಳ್ಳು ಮಾಡಿದ ಗಿಡ ಇದು. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಸಿಕ್ಕಿದ್ದು ಇದರಿಂದಲೇ. ಹಾಗಂತ ಮನೆಯಲ್ಲಿ ಎಲೆ ಅರೆದು ಕುಡಿಯಬೇಡಿ, ವಿಷವಾದೀತು. ಒಂದೂವರೆ ಅಡಿ ಗಿಡ, ಸುಡು ಬಿಸಿಲಿನಲ್ಲಿ ದಿನಾಲೂ ಹೂ. ಇದನ್ನು ಕೊಲ್ಲಬೇಕೆಂದರೆ ಒಂದೇ ಉಪಾಯ, ಅತಿಯಾಗಿ ನೀರು ಹಾಕುವುದು.

ವಿಷದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕಣಗಿಲೆ ಬಿಸಿಲಿಗೆ ಗಟ್ಟಿ ಗಿಡ, ಆದರೆ ಎಲೆ, ಕಾಂಡ ಎಲ್ಲವೂ ವಿಷ. ಹೈಡ್ರೇಂಜಿಯಾದ ಎಲೆ, ಮೊಗ್ಗಿನಲ್ಲೂ ವಿಷಾಂಶವಿದೆ. ಸಣ್ಣ ಮಕ್ಕಳು, ಆಡು-ಮೇಕೆ ಓಡಾಡುವ ಅಂಗಳದಲ್ಲಿ ಇವೆರಡನ್ನೂ ಕೈಗೆ, ಬಾಯಿಗೆ ಎಟಕುವಂತೆ ಇಡಬಾರದು.

ಆದರೂ ಹಠ ಇದ್ದವರಿಗೆ

ಇಷ್ಟು ಹೇಳಿದರೂ 'ನಮಗೆ ಅದೇ ಬೇಕು' ಅನ್ನುವವರು ಇರುತ್ತಾರೆ. ಆಸೆಗೆ ಮದ್ದಿಲ್ಲ. ಅವರು ಹೀಗೆ ಮಾಡಲಿ. ಮಳೆ ಹಿಡಿದ ಮೇಲೆ, ಇಲ್ಲವೇ ದೀಪಾವಳಿ ಮುಗಿದ ಮೇಲೆ ಗಿಡ ತರಲಿ. ಬೇಸಿಗೆಯಲ್ಲಿ ತರುವುದೇ ಬೇಡ. ನೆಲಕ್ಕೆ ಹಚ್ಚದೆ ಕುಂಡದಲ್ಲೇ ಇಡಲಿ. ಮನೆಯ ಮೂಡಣ ಬದಿ ಹುಡುಕಲಿ. ಬೆಳಿಗ್ಗೆ ಒಂಬತ್ತರವರೆಗೆ ಬಿಸಿಲು ಸಾಕು, ಆಮೇಲೆ ಬೇವಿನ ಮರದ ನೆರಳೋ ಹಸಿರು ಪರದೆಯೋ ಇರಲಿ. ಫರಸಿಯ ಮೇಲೆ ನೇರ ಇಡದೆ ಕೆಳಗೆ ಎರಡು ಇಟ್ಟಿಗೆ ಕೊಡಲಿ. ಕುಂಡದ ಮೇಲ್ಮಣ್ಣಿಗೆ ನಾಲ್ಕು ಬೆರಳು ದಪ್ಪ ಶೇಂಗಾ ಹೊಟ್ಟು ಹಾಸಲಿ. ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ತೇವ ಹಿಡಿದಿಡುತ್ತದೆ. ಮಾಳಿಗೆಯಿಂದ ಇಳಿಯುವ ಮಳೆ ನೀರನ್ನು ಒಂದು ಡ್ರಮ್ಮಿನಲ್ಲಿ ಮುಚ್ಚಿಟ್ಟುಕೊಂಡರೆ ಸುಣ್ಣದ ಕಾಟ ತಪ್ಪುತ್ತದೆ. ಇಷ್ಟಾದ ಮೇಲೂ ಅದನ್ನು ಸೇವಂತಿಗೆಯಂತೆ ಒಂದು ಸುಗ್ಗಿಯ ಹೂವೆಂದು ತಿಳಿಯಲಿ. ಮರುವರ್ಷ ಅರಳಿದರೆ ದೇವರು ಕೊಟ್ಟದ್ದು, ಅರಳದಿದ್ದರೆ ದುಃಖ ಬೇಡ.

ಮಣ್ಣು ಎಲ್ಲಿ ಉಳಿದಿದೆ?

ಗಿಡದ ಆಯ್ಕೆಗಿಂತ ದೊಡ್ಡ ಮಾತು ಇನ್ನೊಂದಿದೆ. ಹೊಸ ಮನೆ ಕಟ್ಟುವವರು ಕಾಂಪೌಂಡ್ ಗೋಡೆಯವರೆಗೂ ಶಹಾಬಾದ್ ಫರಸಿ ಹಾಸುತ್ತಾರೆ, ಇಲ್ಲವೇ ಸಿಮೆಂಟ್ ಸುರಿಯುತ್ತಾರೆ. ಧೂಳು ಬರಬಾರದು, ಕೆಸರಾಗಬಾರದು, ಸ್ಕೂಟರ್ ನಿಲ್ಲಬೇಕು. ಎಲ್ಲ ಒಪ್ಪಿದೆ. ಆದರೆ ಆ ಕಲ್ಲೇ ಹಗಲೆಲ್ಲ ಕಾಯ್ದು ಮನೆಯೊಳಗೆ ಕಾವು ತಳ್ಳುತ್ತದೆ. ಬಿದ್ದ ಮಳೆ ನೀರು ನೆಲಕ್ಕಿಳಿಯದೆ ರಸ್ತೆಗೆ ಹರಿಯುತ್ತದೆ. ಆಮೇಲೆ ಗಿಡ ಹಚ್ಚಲು ಜಾಗವಿಲ್ಲವೆಂದು ಕುಂಡ ತರುತ್ತೇವೆ. ಕುಂಡದ ಮಣ್ಣು ಬೇಗ ಒಣಗುತ್ತದೆಂದು ಕೊಡಗಟ್ಟಲೆ ನೀರು ಹೊರುತ್ತೇವೆ. ಗೋಡೆಯ ಬದಿಗೆ ಒಂದೇ ಒಂದು ಮೊಳ ಅಗಲ ಮಣ್ಣು ಬಿಡಿರೆಂದು ಗೌಂಡಿಗೆ ಮೊದಲೇ ಹೇಳಿದರೆ ಖರ್ಚು ಉಳಿಯುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಆ ಒಂದು ಮೊಳದಲ್ಲಿ ದಾಸವಾಳ, ಮಲ್ಲಿಗೆ, ಒಂದು ಕರಿಬೇವು ಸುಖವಾಗಿ ಬೆಳೆಯುತ್ತವೆ. ನೆಲದಲ್ಲಿ ಬೇರು ಬಿಟ್ಟ ಗಿಡ ಕುಂಡದ ಗಿಡದ ಹಾಗೆ ದಿನಕ್ಕೆ ಎರಡು ಸಲ ನೀರು ಬೇಡುವುದಿಲ್ಲ.

ಇನ್ನು ಸರ್ಕಾರದವರಿಗೆ ಎರಡು ಮಾತು. 2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು. ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತೋಟಗಾರಿಕೆ ಇಲಾಖೆ ಇದೆ. ತಿಳಿದವರಿಗೆ ನಮ್ಮಲ್ಲಿ ಬರವಿಲ್ಲ. ಆ ತಿಳಿವಳಿಕೆ ಬಸ್ ನಿಲ್ದಾಣದವರೆಗೆ ನಡೆದು ಬರಲಿ ಎಂಬುದಷ್ಟೇ ನಮ್ಮ ಬೇಡಿಕೆ. ಮಳೆಗಾಲ ಶುರುವಾದ ಒಂದು ತಿಂಗಳು ಮೂರೂ ಊರಿನ ಬಸ್ ನಿಲ್ದಾಣದ ಹತ್ತಿರ ಒಂದು ಮೇಜು ಹಾಕಿ, ನಮ್ಮ ಬಿಸಿಲಿಗೆ ತಡೆಯುವ ಹತ್ತು ಬಗೆ ಹೂವಿನ ಸಸಿ ಇಟ್ಟು ಮಾರಲಿ. ಪ್ರತಿ ಸಸಿಗೂ ಒಂದು ಚೀಟಿ ಕಟ್ಟಲಿ: ಎಷ್ಟು ಬಿಸಿಲು, ಎಷ್ಟು ನೀರು, ಯಾವ ಮಣ್ಣು, ಎಷ್ಟು ಎತ್ತರ, ಎಷ್ಟು ಬೆಲೆ. ಕನ್ನಡದಲ್ಲಿ ನಾಲ್ಕು ಸಾಲು ಸಾಕು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೀಟಿನ ದುಡ್ಡಿಲ್ಲ. ಸಂತೆಗೆ ಬಂದ ಅವ್ವಾರು ತೊಡೆಯ ಮೇಲೆ ಒಂದು ಮಲ್ಲಿಗೆ ಸಸಿ ಇಟ್ಟುಕೊಂಡು ಊರಿಗೆ ಹೋದರೆ ಕಂಡಕ್ಟರ್ ಬೇಡ ಅನ್ನುವನೇ? ಜೂನ್ 5ರ ಪರಿಸರ ದಿನದಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಹೆಚ್ಚು ಉಪಯೋಗದ ಕೆಲಸ.

ಗಾಡಿಯಲ್ಲಿ ಮಾರುವವರಿಗೂ ಅದೇ ಚೀಟಿಯ ನಿಯಮ ಬರಲಿ. ನಗರಸಭೆಯವರು ತರಕಾರಿ ತೂಕ ನೋಡುವವರನ್ನು ಕಳಿಸಿದಂತೆ ಗಿಡದ ಗಾಡಿಗೆ ಯಾರನ್ನಾದರೂ ಕಳಿಸಿ ದಂಡ ಹಾಕಲಿ ಎಂದು ನಾವು ಹೇಳುತ್ತಿಲ್ಲ. 'ಈ ಗಿಡ ನೆರಳಿನದು, ಇದು ಬಿಸಿಲಿನದು' ಎಂದು ಎರಡು ಸಾಲು ಮಾಡಿ ನಿಲ್ಲಿಸಿ ಮಾರಿರೆಂದು ತಿಳಿಹೇಳಿದರೂ ಸಾಕು. ಒಂದು ಸಲ ಮೋಸ ಹೋದ ಮನೆಯವರು ಮತ್ತೆ ಗಿಡ ಹಚ್ಚುವ ಗೋಜಿಗೆ ಹೋಗುವುದಿಲ್ಲ. 300 ರೂಪಾಯಿ ಹೋದದ್ದು ಸಣ್ಣ ನಷ್ಟ. 'ನಮ್ಮ ಊರಿನಲ್ಲಿ ಏನೂ ಬೆಳೆಯುವುದಿಲ್ಲ ಬಿಡ್ರಿ' ಎಂದು ಅಂಗಳಕ್ಕೆ ಸಿಮೆಂಟ್ ಸುರಿದರೆ ಅದು ದೊಡ್ಡ ನಷ್ಟ.

ದೂರದ ಬೆಟ್ಟ ನುಣ್ಣಗೆ. ಊಟಿಗೆ ಹೋದಾಗ ಹೈಡ್ರೇಂಜಿಯಾದ ಮುಂದೆ ನಿಂತು ಬೇಕಾದಷ್ಟು ಫೋಟೋ ತೆಗೆಸಿಕೊಳ್ಳಿ. ಮನೆಗೆ ಬಂದು ಒಂದು ದಾಸವಾಳದ ಕಡ್ಡಿ ಊರಿ. ಈ ಜೂನ್ ಮಳೆ ಬೀಳುವ ಹೊತ್ತಿಗೆ ಇಲಾಖೆಯವರ ಮೇಜು ಬಸ್ ನಿಲ್ದಾಣದಲ್ಲಿ ಕಾಣುವುದೋ ಇಲ್ಲವೋ, ನಾವೂ ನೀವೂ ಬಸ್ಸಿಗೆ ಕಾಯುತ್ತ ನೋಡೋಣ.